ಯಂತ್ರದ ಬುದ್ಧಿಯೂ ಮನುಷ್ಯನ ಹೊಣೆಯೂ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ)

ಕೃತಕ ಬುದ್ಧಿಮತ್ತೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಇದೆ. ಕೆಲವರು ಅದನ್ನು ಬೇಡಿದ್ದನ್ನು ಕೊಡುವ ಕಲ್ಪವೃಕ್ಷವೆಂದು ಕೊಂಡಾಡುತ್ತಾರೆ. ಮತ್ತೆ ಕೆಲವರು ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಬಂದ ಭಸ್ಮಾಸುರನೆಂದು ಹೆದರುತ್ತಾರೆ. ಇದು ಬೆಂಗಳೂರಿನ ಇಂಜಿನಿಯರುಗಳ ವಿಷಯ, ಕಲಾ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವ ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರೂ ನಮ್ಮಲ್ಲಿದ್ದಾರೆ. ಸಂಬಂಧ ಇದೆಯೆಂಬುದೇ ನನ್ನ ವಾದ. ಯಂತ್ರವನ್ನು ಕಟ್ಟುವ ವಿದ್ಯೆ ಇಂಜಿನಿಯರಿಗೆ ಸೇರಿದ್ದು, ನಿಜ. ಆದರೆ ಆ ಯಂತ್ರವು ಒಬ್ಬ ರೈತನ ಬೆಳೆಯ ಬಗ್ಗೆ, ಒಬ್ಬ ಕೂಲಿಯ ದುಡಿಮೆಯ ಬಗ್ಗೆ, ಒಂದು ಮನೆತನದ ಪಡಿತರ ಚೀಟಿಯ ಬಗ್ಗೆ ನಿರ್ಣಯ ಕೊಟ್ಟಾಗ, ಆ ನಿರ್ಣಯಕ್ಕೆ ಉತ್ತರ ಹೇಳುವವರು ಯಾರು ಎಂಬುದು ನ್ಯಾಯದ ಪ್ರಶ್ನೆ. ಅದು ನಮ್ಮೆಲ್ಲರಿಗೂ ಸೇರಿದ್ದು. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಈ ಮೂರು ಊರುಗಳ ಉದಾಹರಣೆಗಳಿಂದಲೇ ಆ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ.

ಇದು ಎಂಥ ಬುದ್ಧಿ?

ಮೊದಲು ಈ ಬುದ್ಧಿಯ ಸ್ವರೂಪವನ್ನು ತಿಳಿಯಬೇಕು. ೧೯೫೦ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಅವರು ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನೆತ್ತಿಕೊಂಡು ಒಂದು ಪ್ರಬಂಧ ಬರೆದರು. ೧೯೫೬ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮೊದಲಾದ ವಿದ್ವಾಂಸರು ನಡೆಸಿದ ಗೋಷ್ಠಿಯೊಡನೆ ಈ ಶಾಸ್ತ್ರದ ಹೆಸರು ರೂಢಿಗೆ ಬಂತು. ಬಹುಕಾಲ ಪಂಡಿತರ ನಡುವೆಯೇ ಇದ್ದ ಈ ಚರ್ಚೆ, ೨೦೨೨ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ, ಜನಸಾಮಾನ್ಯರ ಮೊಬೈಲಿಗೇ ಇಳಿದು ಬಂತು.

ಹಳೆಯ ಗಣಕಯಂತ್ರಕ್ಕೂ ಇದಕ್ಕೂ ಇರುವ ಭೇದವನ್ನು ನಮ್ಮ ಮೆಣಸಿನಕಾಯಿಯಿಂದಲೇ ವಿವರಿಸಬಹುದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆಗಳಿವೆ. ಡಬ್ಬಿ ಗಿಡ್ಡಾಗಿ ಉಬ್ಬಿರುತ್ತದೆ. ಕಡ್ಡಿ ಉದ್ದವಾಗಿ ತೆಳ್ಳಗೆ, ಸುಕ್ಕುಸುಕ್ಕಾಗಿರುತ್ತದೆ. ಹಳೆಯ ಗಣಕಯಂತ್ರಕ್ಕೆ ಇವುಗಳ ಭೇದ ತಿಳಿಯಬೇಕಾದರೆ, ಉದ್ದ ಇಷ್ಟು, ಅಗಲ ಇಷ್ಟು ಎಂದು ನಿಯಮಗಳನ್ನು ಒಬ್ಬ ಮನುಷ್ಯ ಬರೆದುಕೊಡಬೇಕಾಗಿತ್ತು. ಹೊಸ ಯಂತ್ರಕ್ಕೆ ಯಾರೂ ನಿಯಮ ಬರೆದುಕೊಡುವುದಿಲ್ಲ. ಇದು ಡಬ್ಬಿ, ಇದು ಕಡ್ಡಿ ಎಂದು ಹೆಸರು ಹಚ್ಚಿದ ಸಾವಿರಾರು ಚಿತ್ರಗಳನ್ನು ಅದರ ಮುಂದಿಡುತ್ತಾರೆ. ಅದು ತಪ್ಪುತ್ತ, ತಪ್ಪನ್ನು ತಿದ್ದಿಕೊಳ್ಳುತ್ತ, ಭೇದವನ್ನು ತಾನೇ ಕಂಡುಕೊಳ್ಳುತ್ತದೆ. ಪ್ರಶ್ನೆಗಳಿಗೆ ಉತ್ತರ ಬರೆಯುವ ಯಂತ್ರವೂ ಹೀಗೆಯೇ. ಅಪಾರವಾದ ಬರವಣಿಗೆಯನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಂಭವವೆಂಬುದನ್ನು ಅದು ಕಲಿತಿರುತ್ತದೆ.

ಇದರಿಂದ ಎರಡು ಪರಿಣಾಮಗಳಾಗುತ್ತವೆ. ಮೊದಲನೆಯದಾಗಿ, ತೋರಿಸಿದ್ದನ್ನು ಮಾತ್ರ ಯಂತ್ರವು ಕಲಿಯುತ್ತದೆ. ತೋರಿಸಿದವರ ಪಕ್ಷಪಾತವಿದ್ದರೆ ಅದನ್ನೂ ಕಲಿಯುತ್ತದೆ. ಎರಡನೆಯದಾಗಿ, ಅದು ಒಂದು ನಿರ್ಣಯಕ್ಕೆ ಹೇಗೆ ಬಂದಿತೆಂಬುದನ್ನು ಅದನ್ನು ಕಟ್ಟಿದವರೂ ಅನೇಕ ಸಲ ಬಿಡಿಸಿ ಹೇಳಲಾರರು. ಮುಂದೆ ಹೇಳುವುದೆಲ್ಲವೂ ಈ ಎರಡು ಮಾತುಗಳ ಮೇಲೆ ನಿಂತಿದೆ.

ಬ್ಯಾಡಗಿ: ಬೆಲೆ ಕಟ್ಟುವವರು ಯಾರು?

ಬ್ಯಾಡಗಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಕೆಂಪು ಬಣ್ಣದ ಸತ್ವವನ್ನು ತೆಗೆದು ಆಹಾರ ಪದಾರ್ಥಗಳಲ್ಲಿಯೂ ಸೌಂದರ್ಯ ಸಾಧನಗಳಲ್ಲಿಯೂ ಬಳಸುತ್ತಾರೆ. ೨೦೧೧ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಸೋಮವಾರ ಮತ್ತು ಗುರುವಾರ ಅಲ್ಲಿಯ ಪೇಟೆಯ ದಿನಗಳು. ನುರಿತ ಖರೀದಿದಾರನು ಚೀಲದೊಳಗೆ ಕೈಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾನೆ. ಬಣ್ಣ ನೋಡುತ್ತಾನೆ, ಹಿಚುಕಿ ಹಸಿ ಎಷ್ಟಿದೆಯೆಂದು ತಿಳಿಯುತ್ತಾನೆ, ಮೂಸಿ ನೋಡುತ್ತಾನೆ. ವರ್ಷಾನುಗಟ್ಟಲೆಯ ಅನುಭವವೇ ಅವನ ಶಾಸ್ತ್ರ.

ಮೊದಲು ಖರೀದಿದಾರರು ಚೀಟಿಯಲ್ಲಿ ಬೆಲೆ ಬರೆದು ಟೆಂಡರು ಹಾಕುತ್ತಿದ್ದರು. ಕರ್ನಾಟಕ ಸರಕಾರವು ೨೦೧೪ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿ, ರಾಜ್ಯದ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಒಂದುಗೂಡಿಸುವ ಕಾರ್ಯ ಕೈಗೊಂಡಿತು. ಈಗ ಪ್ರತಿಯೊಂದು ರಾಶಿಗೂ ಒಂದು ಸಂಖ್ಯೆ. ಆ ಸಂಖ್ಯೆಯ ಮುಂದೆ ಖರೀದಿದಾರರು ತಮ್ಮ ತಮ್ಮ ಬೆಲೆ ನಮೂದಿಸುತ್ತಾರೆ. ವೇಳೆ ಮುಗಿದ ಮೇಲೆ ಹೆಚ್ಚಿನ ಬೆಲೆ ಯಾರದೆಂದು ತಿಳಿಯುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಒಲ್ಲೆನೆನ್ನುವ ಹಕ್ಕು ರೈತನಿಗಿದೆ. ಇದನ್ನು ಕೃತಕ ಬುದ್ಧಿಮತ್ತೆ ಎನ್ನಲಾಗದು. ಬೆಲೆ ಕಟ್ಟುವವನು ಇಲ್ಲಿ ಮನುಷ್ಯನೇ. ಗಣಕಯಂತ್ರವು ದೊಡ್ಡ ಅಂಕಿಯನ್ನು ಆರಿಸಿ ತೋರಿಸುತ್ತದೆ, ಅಷ್ಟೇ.

ಆದರೂ ೨೦೨೪ರ ಮಾರ್ಚ್ ೧೧ರ ಸೋಮವಾರ ಆ ಪೇಟೆಯಲ್ಲಿ ನಡೆದದ್ದು ನಮ್ಮ ವಿಷಯಕ್ಕೆ ಒಂದು ಪಾಠವಾಗಿದೆ. ಅಂದು ಬೆಲೆ ಒಮ್ಮೆಲೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾರರು. ಬೆಲೆ ಇಳಿದುದಕ್ಕೆ ಗಣಕಯಂತ್ರವೇ ಕಾರಣವೆಂದು ನಾನು ಹೇಳುತ್ತಲೂ ಇಲ್ಲ. ನನ್ನ ಮಾತು ಇಷ್ಟೇ: ದೂರದ ಊರಿನಿಂದ ಲಾರಿ ಬಾಡಿಗೆ ಕೊಟ್ಟು ಚೀಲ ತಂದವನಿಗೆ ಒಂದು ಅಂಕಿ ಮಾತ್ರ ಸಾಲದು. ಕಳೆದ ಪೇಟೆಗೂ ಈ ಪೇಟೆಗೂ ಇಷ್ಟು ಅಂತರವೇಕೆ ಎಂಬುದಕ್ಕೆ ಕಾರಣವೂ ಬೇಕು. ಕಾರಣ ಹೇಳುವ ಒಬ್ಬ ಮನುಷ್ಯನೂ ಎದುರಿಗೆ ಬೇಕು. ಮನುಷ್ಯರೇ ಬೆಲೆ ಕಟ್ಟುವ ಪೇಟೆಯಲ್ಲಿಯೇ ಹೀಗಾದರೆ, ಯಂತ್ರವೇ ಬೆಲೆ ಕಟ್ಟುವ ಕಾಲದಲ್ಲಿ ರೈತನು ಯಾರನ್ನು ಕೇಳಬೇಕು?

ಆ ಕಾಲ ಬಹಳ ದೂರವಿಲ್ಲ. ಚಿತ್ರ ನೋಡಿ ಕಾಳುಕಡಿಗಳ ಗುಣ ಹೇಳುವ ಯಂತ್ರಗಳನ್ನು ಭಾರತದ ಕೆಲವು ಸಂಸ್ಥೆಗಳು ಆಗಲೇ ತಯಾರಿಸಿವೆ. ಇವುಗಳಿಂದ ಪ್ರಯೋಜನವಿಲ್ಲವೆಂದಲ್ಲ. ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ, ಇದು ದೊಡ್ಡ ಗೌಡರ ಮಾಲು, ಇದು ಎರಡೆಕರೆಯ ಬಡವನ ಮಾಲು ಎಂದು ಅದು ನೋಡುವುದಿಲ್ಲ. ಸಂಜೆಯ ಹೊತ್ತಿಗೆ ಅದಕ್ಕೆ ದಣಿವೂ ಇಲ್ಲ. ಆದರೆ ಅದಕ್ಕೆ ಪಾಠ ಹೇಳಿದ ಹಳೆಯ ಲೆಕ್ಕಗಳಲ್ಲಿ ಸಣ್ಣ ರೈತನ ಸಣ್ಣ ರಾಶಿಗೆ ಯಾವಾಗಲೂ ಕಡಿಮೆ ಬೆಲೆಯೇ ಬಿದ್ದಿದ್ದರೆ, ಸಣ್ಣ ರಾಶಿ ಎಂದರೆ ಕೀಳು ಮಾಲು ಎಂದು ಯಂತ್ರವು ಕಲಿಯಬಹುದು. ಆಗ ಹಳೆಯ ಪೇಟೆಯ ಅನ್ಯಾಯವೇ ಹೊಸ ಪೇಟೆಯ ಶಾಸ್ತ್ರವಾದೀತು. ದಲಾಲಿಯೊಡನೆ ಜಗಳಾಡಬಹುದು, ಶಾಸ್ತ್ರದೊಡನೆ ಜಗಳಾಡುವುದು ಹೇಗೆ?

ಬೆಲೆಯನ್ನು ಮುಂದಾಗಿ ಊಹಿಸುವ ವಿದ್ಯೆಯ ವಿಚಾರವೂ ಹೀಗೆಯೇ. ೨೦೧೭ರಲ್ಲಿ ಕರ್ನಾಟಕ ಸರಕಾರವು ಮೈಕ್ರೋಸಾಫ್ಟ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ತೊಗರಿಯ ಬೆಲೆಯನ್ನು ಮೊದಲೇ ಅಂದಾಜು ಮಾಡುವ ಪ್ರಯತ್ನಕ್ಕೆ ಕೈಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಇಂಥ ಅಂದಾಜು ವರ್ತಕನ ಕೈಗೆ ಇಂದು, ರೈತನ ಕೈಗೆ ನಾಳೆ ಸೇರಿದರೆ ಅದರಿಂದ ರೈತನಿಗೆ ಹಾನಿಯೇ ಹೊರತು ಲಾಭವಿಲ್ಲ. ಒಂದೇ ಜ್ಞಾನವು ಒಂದೇ ವೇಳೆಗೆ ಇಬ್ಬರಿಗೂ ತಲಪುವುದು ಪೇಟೆಯ ಧರ್ಮದ ಮೊದಲ ಪಾಠ.

ರಾಣೆಬೆನ್ನೂರು: ದುಡಿಮೆ ಒಬ್ಬರದು, ಒಡೆತನ ಯಾರದು?

ಯಂತ್ರ ಬಂದರೆ ಕೆಲಸ ಹೋಗುತ್ತದೆಂಬುದು ಎಲ್ಲರ ಭಯ. ಆದರೆ ವಿಜ್ಞಾನವು ಯಾವಾಗಲೂ ಕೆಲಸವನ್ನು ಕಸಿದುಕೊಂಡೇ ಬರುವುದಿಲ್ಲವೆಂಬುದಕ್ಕೆ ನಮ್ಮ ಹತ್ತಿಯ ಇತಿಹಾಸವೇ ಸಾಕ್ಷಿ. ಧಾರವಾಡದಲ್ಲಿ ಡಾ. ಬಿ. ಎಚ್. ಕತರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರಣ ತಳಿಯನ್ನು ೧೯೭೨ರಲ್ಲಿ ಬೆಳಕಿಗೆ ತಂದರು. ಸಂಕರಣ ಬೀಜವನ್ನು ವರ್ಷ ವರ್ಷವೂ ಹೊಸದಾಗಿ ಕೈಯಿಂದಲೇ ಮಾಡಬೇಕು. ಸಂಜೆ ಮೊಗ್ಗು ಬಿಡಿಸಿ ಗಂಡುಭಾಗ ತೆಗೆಯಬೇಕು. ಮರುದಿನ ಮುಂಜಾನೆ ಬೇರೆ ಗಿಡದ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಇದಕ್ಕೆ ನಮ್ಮ ಕಡೆಯ ಜನ ಕ್ರಾಸಿಂಗ್ ಎಂದೇ ಅನ್ನುತ್ತಾರೆ. ರಾಣೆಬೆನ್ನೂರು ಬೀಜದ ಊರೆಂದು ಹೆಸರಾಗಲು ಈ ಕೈಗೆಲಸವೇ ಕಾರಣ. ಹೀಗೆ ಹೊಸ ವಿಜ್ಞಾನವು ಕೆಲಸವನ್ನು ಕೊಟ್ಟಿತು.

ಆದರೆ ಕೆಲಸ ಕೊಟ್ಟ ಮಾತ್ರಕ್ಕೆ ನ್ಯಾಯ ದೊರೆಯಿತೆಂದು ಹೇಳಲಾಗದು. ಕರ್ನಾಟಕ, ಆಂಧ್ರಗಳ ಹತ್ತಿಬೀಜದ ಹೊಲಗಳಲ್ಲಿ ಶಾಲೆಯಲ್ಲಿರಬೇಕಾದ ಹೆಣ್ಣುಮಕ್ಕಳು ಬಹುಕಾಲ ದುಡಿದರು. ಖಾಸಗಿ ಕಂಪನಿಯ ತಳಿಯಾದರೆ, ಅದರ ತಾಯಿ-ತಂದೆ ಸಾಲುಗಳ ಒಡೆತನ ಕಂಪನಿಯದು. ಕೈ ಮಾತ್ರ ನಮ್ಮವರದು. ಕೆಲಸ ಹಳ್ಳಿಗೆ ಬಂತು, ಜ್ಞಾನದ ಒಡೆತನ ಬೇರೆ ಕಡೆಗೆ ಉಳಿಯಿತು.

ಕೃತಕ ಬುದ್ಧಿಮತ್ತೆಗೂ ಇದೇ ಮಾತು ಅನ್ವಯಿಸುತ್ತದೆ. ಈ ಯಂತ್ರಕ್ಕೆ ಬೀಜವೆಂದರೆ ಮಾಹಿತಿ. ನಮ್ಮ ಹೊಲದ ಚಿತ್ರ, ನಮ್ಮ ಪೇಟೆಯ ಬೆಲೆ, ನಮ್ಮ ಬಾಯಿಯ ಮಾತು, ಇವುಗಳಿಂದಲೇ ಅದು ಬೆಳೆಯುತ್ತದೆ. ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಮಾದರಿಯೂ ಇದೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯು ಹಳ್ಳಿಯ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಧ್ವನಿಯನ್ನು ಮುದ್ರಿಸಿಕೊಂಡು, ಅದಕ್ಕೆ ಕೂಲಿ ಕೊಡುತ್ತದೆ; ಆ ಧ್ವನಿಯು ಮತ್ತೆ ಮಾರಾಟವಾದರೆ ಓದಿದವರಿಗೆ ಪಾಲನ್ನೂ ಕೊಡುವ ಪದ್ಧತಿಯಿಟ್ಟಿದೆ. ಬೀಜ ಕೊಟ್ಟವನಿಗೆ ಬೆಳೆಯಲ್ಲಿ ಪಾಲಿರಬೇಕೆಂಬ ತತ್ವ ಇದು. ಇದು ದಯೆಯ ಮಾತಾಗಿ ಉಳಿಯದೆ ನಿಯಮವಾಗಬೇಕು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ, ಅಂದರೆ ತೊಟ್ಟು ತೆಗೆಯುವ ಕೆಲಸದಲ್ಲಿ ಅಸಂಖ್ಯ ಹೆಣ್ಣುಮಕ್ಕಳಿದ್ದಾರೆ. ತೂಕದ ಲೆಕ್ಕದಲ್ಲಿ ಕೂಲಿ. ನಮ್ಮ ಅವ್ವನೂ ಅವರಲ್ಲಿ ಒಬ್ಬಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು, ನನ್ನ ಪರೀಕ್ಷೆಯ ಶುಲ್ಕ ಆ ಕೂಲಿಯಿಂದಲೇ ಬಂದದ್ದು. ತುಂಬು ತೆಗೆಯುವುದಕ್ಕೂ ಯಂತ್ರಗಳಿವೆ. ಘಾಟಿನಲ್ಲಿ ಕೆಮ್ಮುತ್ತ, ಕೈ ಉರಿಸಿಕೊಳ್ಳುತ್ತ ಅವ್ವ ಜೀವಮಾನವೆಲ್ಲ ಅಲ್ಲಿಯೇ ಕೂಡ್ರಬೇಕೆಂದು ನಾನು ಬಯಸುವುದಿಲ್ಲ. ಯಂತ್ರ ಬರಲಿ. ಆದರೆ ಯಂತ್ರದಿಂದ ಉಳಿದ ಕೂಲಿಯ ಹಣವೆಲ್ಲ ಒಂದೇ ಕಡೆಗೆ ಹರಿದು, ಉರಿಯುವ ಕೈಗಳು ಬರಿಗೈಗಳಾದರೆ ಅದನ್ನು ಪ್ರಗತಿಯೆಂದು ಕರೆಯಬಹುದೇ? ಎಷ್ಟು ವೇಗದಲ್ಲಿ ಯಂತ್ರ ತರಬೇಕು, ಕೆಲಸ ಬಿಟ್ಟವರಿಗೆ ಮುಂದಿನ ದಾರಿ ಏನು ಎಂಬುದನ್ನು ಯಂತ್ರವು ತೀರ್ಮಾನಿಸುವುದಿಲ್ಲ, ಮನುಷ್ಯರು ತೀರ್ಮಾನಿಸುತ್ತಾರೆ. ಆ ತೀರ್ಮಾನದಲ್ಲಿ ತುಂಬು ಬಿಡಿಸುವವರ ಮಾತಿಗೂ ಜಾಗವಿರಬೇಕು.

ಹಾವೇರಿ: ದಫ್ತರದೊಳಗಿನ ಯಂತ್ರ

ಜಿಲ್ಲೆಯ ಕಚೇರಿಗಳಿರುವುದು ಹಾವೇರಿಯಲ್ಲಿ. ಪೇಟೆಯ ಯಂತ್ರಕ್ಕಿಂತಲೂ ಸರಕಾರದ ಯಂತ್ರವು ಹೆಚ್ಚು ಜನರನ್ನು ಮುಟ್ಟುತ್ತದೆ. ಇಲ್ಲಿಯೂ ಮೊದಲು ಒಳ್ಳೆಯದನ್ನೇ ಹೇಳೋಣ. ೨೦೦೦ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಪಹಣಿಯ ಉತಾರಕ್ಕಾಗಿ ಗ್ರಾಮ ಲೆಕ್ಕಿಗರ ಬೆನ್ನುಹತ್ತಿ ತಿರುಗುವುದು ತಪ್ಪಿತು. ಆ ಯೋಜನೆಯಲ್ಲಿ ಒಂದು ವಿಶೇಷವಿತ್ತು: ದಾಖಲೆಯನ್ನು ತಿದ್ದುವ ಅಧಿಕಾರಿಯು ಬೆರಳಚ್ಚು ಒತ್ತಿಯೇ ಯಂತ್ರದೊಳಗೆ ಪ್ರವೇಶಿಸಬೇಕಾಗಿತ್ತು. ಯಾವ ತಿದ್ದುಪಡಿ ಯಾರ ಕೈಯಿಂದಾಯಿತೆಂಬುದು ಉಳಿಯುತ್ತಿತ್ತು. ಯಂತ್ರದ ಹಿಂದೆ ಒಬ್ಬ ಹೆಸರುಳ್ಳ ಮನುಷ್ಯನಿದ್ದಾನೆಂಬ ಭರವಸೆ ಅದರಲ್ಲಿತ್ತು.

ಈಗ ಬೆಳೆ ವಿಮೆಯನ್ನು ನೋಡಿರಿ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ೨೦೧೬ರಲ್ಲಿ ಪ್ರಾರಂಭವಾಯಿತು. ಇಳುವರಿಯನ್ನು ತಿಳಿಯಲು ಗೊತ್ತುಮಾಡಿದ ಹೊಲಗಳಲ್ಲಿ ಬೆಳೆ ಕೊಯ್ದು ತೂಗುವುದು ಹಿಂದಿನಿಂದ ಬಂದ ಪದ್ಧತಿ. ೨೦೨೩ರ ಮುಂಗಾರಿನಿಂದ ಭತ್ತ, ಗೋದಿಗಳ ಇಳುವರಿ ನಿಶ್ಚಯಿಸುವಾಗ ಶೇಕಡಾ ೩೦ರಷ್ಟು ತೂಕವನ್ನು ಉಪಗ್ರಹದ ಚಿತ್ರ ಮೊದಲಾದ ತಂತ್ರಜ್ಞಾನದ ಅಂದಾಜಿಗೆ ಕೊಡುವಂತೆ ಕೇಂದ್ರ ಸರಕಾರ ಗೊತ್ತುಪಡಿಸಿತು. ಹಾನಗಲ್ಲ ತಾಲೂಕಿನ ಒಬ್ಬ ಭತ್ತದ ರೈತನ ಬೆಳೆ ಹಾಳಾಗಿದೆ, ಆದರೆ ಆಕಾಶದಿಂದ ನೋಡಿದ ಯಂತ್ರಕ್ಕೆ ಅದು ಹಸುರಾಗಿಯೇ ಕಂಡಿತು ಎಂದಿಟ್ಟುಕೊಳ್ಳೋಣ. ಆತನು ಎಲ್ಲಿಗೆ ಹೋಗಬೇಕು? ವಿಮೆಯ ಕಂಪನಿಗೋ, ಕೃಷಿ ಇಲಾಖೆಗೋ, ಉಪಗ್ರಹದ ಲೆಕ್ಕ ಮಾಡಿದವರಿಗೋ? ಮೂವರೂ ಒಬ್ಬರತ್ತ ಒಬ್ಬರು ಬೆರಳು ತೋರಿಸಿದರೆ ಅವನ ಪಾಲಿಗೆ ಉಳಿಯುವುದು ಬಸ್ಸಿನ ಖರ್ಚು ಮಾತ್ರ.

ಇದು ಬರಿಯ ಕಲ್ಪನೆಯ ಭಯವಲ್ಲ. ನೆರೆಯ ತೆಲಂಗಾಣದಲ್ಲಿ ಗಣಕಯಂತ್ರವು ದಾಖಲೆಗಳನ್ನು ತಾಳೆನೋಡಿ ಅನರ್ಹರೆಂದು ತೋರಿಸಿದವರ ಪಡಿತರ ಚೀಟಿಗಳು ರದ್ದಾದವು. ಹೀಗೆ ರದ್ದಾದ ಸುಮಾರು ೧೯ ಲಕ್ಷ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮತ್ತೊಮ್ಮೆ ಪರಿಶೀಲಿಸಬೇಕೆಂದು ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಯುರೋಪಿನ ಶ್ರೀಮಂತ ದೇಶವಾದ ನೆದರ್ಲೆಂಡ್ಸಿನಲ್ಲಿ, ಮಕ್ಕಳ ಪಾಲನೆಯ ಸಹಾಯಧನದ ವಿಷಯದಲ್ಲಿ ಸಾವಿರಾರು ಕುಟುಂಬಗಳ ಮೇಲೆ ಮೋಸದ ಆರೋಪ ಬಂತು. ಯಾರನ್ನು ಸಂಶಯಿಸಬೇಕೆಂದು ತೋರಿಸುತ್ತಿದ್ದ ಲೆಕ್ಕದಲ್ಲಿ, ಬೇರೆ ದೇಶದ ಪೌರತ್ವವೂ ಒಂದು ಸಂಶಯದ ಕಾರಣವಾಗಿ ಸೇರಿತ್ತು. ೨೦೨೧ರ ಜನವರಿಯಲ್ಲಿ ಅಲ್ಲಿಯ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಎರಡೂ ಕಡೆಗೆ ತಪ್ಪು ಯಂತ್ರದ್ದೊಂದೇ ಅಲ್ಲ. ಯಂತ್ರ ಹೇಳಿದೆ ಎಂದು ಸುಮ್ಮನೆ ಸಹಿ ಹಾಕಿದ ಮನುಷ್ಯರದೂ ಹೌದು.

ನಮ್ಮ ಭಾಷೆಯ ಪ್ರಶ್ನೆ

ಇನ್ನೊಂದು ವಿಷಯವನ್ನು ಕನ್ನಡದ ವಿದ್ಯಾರ್ಥಿಗಳು ಮರೆಯಬಾರದು. ಕೇಂದ್ರ ಸರಕಾರವು ೨೦೨೨ರಲ್ಲಿ ಭಾಷಿಣಿ ಎಂಬ ವ್ಯವಸ್ಥೆಯನ್ನು ಪ್ರಾರಂಭಿಸಿ, ಕನ್ನಡವೂ ಸೇರಿದಂತೆ ಭಾರತದ ಭಾಷೆಗಳಲ್ಲಿ ಅನುವಾದ ಮತ್ತು ಮಾತಿನ ಯಂತ್ರಗಳನ್ನು ಬೆಳೆಸುತ್ತಿದೆ. ಇದು ಸ್ವಾಗತಾರ್ಹ. ಆದರೆ ಯಂತ್ರವು ಕಲಿಯುವುದು ಅಚ್ಚಾದ ಕನ್ನಡದಿಂದ, ಹೆಚ್ಚಾಗಿ ಪತ್ರಿಕೆಯ ಕನ್ನಡದಿಂದ. ನಮ್ಮ ಕಡೆಯ ಅಜ್ಜಿಯೊಬ್ಬಳು 'ಪಗಾರ ಬಂದಿಲ್ರೀ, ಯಾಕಂತ ಹೇಳ್ರೀ' ಎಂದು ಮೊಬೈಲಿನಲ್ಲಿ ಕೇಳಿದರೆ, ಆಕೆ ಕೇಳುತ್ತಿರುವುದು ವೃದ್ಧಾಪ್ಯ ವೇತನವನ್ನು ಎಂದು ಅದಕ್ಕೆ ತಿಳಿಯಬೇಕು. ತಿಳಿಯದಿದ್ದರೆ ತಪ್ಪು ಅಜ್ಜಿಯ ಮಾತಿನದೆಂದು ಯಾರೂ ಹೇಳಬಾರದು.

ನಾಲ್ಕು ಸೂತ್ರಗಳು

ಈ ಎಲ್ಲ ವಿಚಾರದಿಂದ ನನಗೆ ತೋರುವ ಸೂತ್ರಗಳು ನಾಲ್ಕು. ಒಂದು, ಮನುಷ್ಯನ ಅನ್ನಕ್ಕೆ, ಭೂಮಿಗೆ, ಕೆಲಸಕ್ಕೆ ಸಂಬಂಧಿಸಿದ ನಿರ್ಣಯವನ್ನು ಯಂತ್ರ ಕೊಟ್ಟರೆ ಅದರ ಕಾರಣವನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು. ಎರಡು, ಆ ನಿರ್ಣಯಕ್ಕೆ ಸಹಿ ಹಾಕಿದ, ಹೆಸರು ಹುದ್ದೆಗಳುಳ್ಳ ಒಬ್ಬ ಅಧಿಕಾರಿ ಇರಬೇಕು. ಮೂರು, ಅದನ್ನು ಪ್ರಶ್ನಿಸಲು ತಾಲೂಕಿನಲ್ಲಿಯೇ ಒಂದು ಜಾಗವಿರಬೇಕು. ವಿಚಾರಣೆ ಮುಗಿಯುವವರೆಗೆ ಪಡಿತರ, ವೇತನಗಳು ನಿಲ್ಲಬಾರದು. ನಾಲ್ಕು, ಯಾರ ಮಾಹಿತಿಯಿಂದ ಯಂತ್ರ ಬೆಳೆಯಿತೋ ಅವರಿಗೆ ಅದರ ಫಲದಲ್ಲಿ ಪಾಲಿರಬೇಕು.

ಇವು ನನ್ನೊಬ್ಬಳ ಹಂಬಲಗಳೇನೂ ಅಲ್ಲ. ೨೦೨೧ರ ನವೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಕೃತಕ ಬುದ್ಧಿಮತ್ತೆಯ ನೀತಿಯನ್ನು ಕುರಿತು ಶಿಫಾರಸುಗಳನ್ನು ಅಂಗೀಕರಿಸಿತು. ಕೊನೆಯ ಹೊಣೆ ಮನುಷ್ಯನದೇ ಎಂಬುದು ಅದರ ತಿರುಳು. ಯುರೋಪಿನ ಒಕ್ಕೂಟದ ಕಾನೂನು ೨೦೨೪ರ ಆಗಸ್ಟ್ ೧ರಂದು ಜಾರಿಗೆ ಬಂದು, ಹಂತಹಂತವಾಗಿ ಅನ್ವಯಿಸುವಂತೆ ರಚಿತವಾಯಿತು. ನಮ್ಮ ದೇಶದಲ್ಲಿ ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವಿದೆ. ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಅದರಲ್ಲಿ ಬರೆದಿದ್ದಾರೆ; ಯಂತ್ರದ ನಿರ್ಣಯಕ್ಕೆ ಕಾರಣ ಕೇಳುವ ಸ್ಪಷ್ಟವಾದ ಹಕ್ಕನ್ನು ಬರೆದಿಲ್ಲ. ಆ ಕೊರತೆ ತುಂಬಬೇಕು.

ಮುಂದೊಂದು ದಿನ ಯಂತ್ರವು ಮನುಷ್ಯನನ್ನೇ ಮೀರಿಸೀತೇ ಎಂಬ ದೊಡ್ಡ ಚರ್ಚೆಯೂ ನಡೆದಿದೆ. ಈ ಶಾಸ್ತ್ರದ ಹಿರಿಯರಾದ ಜೆಫ್ರಿ ಹಿಂಟನ್ ಅವರು ೨೦೨೩ರಲ್ಲಿ ಗೂಗಲ್ ಸಂಸ್ಥೆಯ ಕೆಲಸ ಬಿಟ್ಟು ಈ ಅಪಾಯದ ಬಗ್ಗೆ ಎಚ್ಚರಿಕೆ ಕೊಟ್ಟರು. ೨೦೨೪ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಸಂದಿತು. ಅಂಥವರ ಮಾತನ್ನು ಹಗುರಾಗಿ ಎಣಿಸಬಾರದು. ಆದರೂ ನಮ್ಮ ತಾಲೂಕಿನ ರೈತನಿಗೆ, ಕೂಲಿಗೆ ಆ ದೂರದ ದಿನಕ್ಕಿಂತ ನಾಳಿನ ಪೇಟೆಯ ದಿನವೇ ಹತ್ತಿರದ್ದು. ಹತ್ತಿರದ ಅನ್ಯಾಯವನ್ನು ತಡೆಯಲು ಕಲಿತ ಸಮಾಜ ಮಾತ್ರ ದೂರದ ಅಪಾಯವನ್ನೂ ತಡೆದೀತು.

ಕೊನೆಗೆ ನಮ್ಮ ವಿಷಯ. ಬಿ.ಎ. ಓದಿ ಏನು ಪ್ರಯೋಜನ, ಉತ್ತರವನ್ನೆಲ್ಲ ಯಂತ್ರವೇ ಬರೆಯುತ್ತದಲ್ಲ ಎಂದು ನಮ್ಮನ್ನು ಕೇಳುತ್ತಾರೆ. ಉತ್ತರ ಬರೆಯುವವರು ಹೆಚ್ಚಾದಾಗ ಪ್ರಶ್ನೆ ಕೇಳುವವರ ಅಗತ್ಯವೂ ಹೆಚ್ಚಾಗುತ್ತದೆಂದು ನನ್ನ ನಂಬಿಕೆ. ಅರ್ಜಿ ಏಕೆ ತಿರಸ್ಕೃತವಾಯಿತೆಂದು ಓದಿ ಹೇಳುವವರು, ಮೇಲ್ಮನವಿ ಬರೆದುಕೊಡುವವರು, ಗ್ರಾಮಸಭೆಯಲ್ಲಿ ಎದ್ದು ನಿಂತು ಕಾರಣ ಕೇಳುವವರು ಪ್ರತಿಯೊಂದು ಹಳ್ಳಿಗೂ ಬೇಕು. ನಮ್ಮಂಥ ಮನೆಗಳಿಂದ ಮೊದಲ ಸಲ ಕಾಲೇಜಿಗೆ ಬಂದವರು ಈ ಕೆಲಸಕ್ಕೆ ಹಿಂಜರಿಯಬಾರದು. ಅದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ನಾವು ಕಲಿತ ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳೇ ಸಾಕು, ಜೊತೆಗೆ 'ಯಾಕೆ?' ಎಂದು ಕೇಳುವ ಧೈರ್ಯ ಬೇಕು.